ಕೊನೆಯ ಗುಂಡಿಯ ಇದ್ದಿಲು

ಆ ದಟ್ಟ ಮಳೆಕಾಡು ತಾನಾಗಿ ಬೆಳೆದದ್ದಲ್ಲ, ಸಾವಿರ ವರ್ಷದ ಹಿಂದಿನ ಜನ ಬೂದಿ, ಇದ್ದಿಲು, ಮೀನಿನ ಮುಳ್ಳು ಸುರಿದು ಸುರಿದು ಮಣ್ಣನ್ನು ಕಪ್ಪಾಗಿಸಿ, ಬೇಕಾದ ಹಣ್ಣಿನ ಮರ ನೆಟ್ಟು ಬೆಳೆಸಿದ ತೋಟ ಅದು ಎಂದು ಅವಳ ಗಂಡ ಬದುಕಿಡೀ ವಾದಿಸಿದ. ಕೇಳಿದವರು ಮುಸಿಮುಸಿ ನಕ್ಕರು. ನಗುವುದಕ್ಕೆ ಅವರಪ್ಪನ ಗಂಟೇನು ಹೋಗಬೇಕು!

ಹೋದ ವರ್ಷ ಅವನು ಜ್ವರದಲ್ಲಿ ತೀರಿಕೊಂಡ. ಅವನು ಅಗೆದ ಕೊನೆಯ ಗುಂಡಿಯ ಮಣ್ಣು ಪ್ರಯೋಗಾಲಯದಲ್ಲಿ ಅವಳ ಮೇಜಿಗೇ ಬಂತು. ಮಣ್ಣು ಜರಡಿ ಹಿಡಿದು, ಇದ್ದಿಲ ಚೂರು ಹೆಕ್ಕಿ, ವಯಸ್ಸಿನ ಪರೀಕ್ಷೆಗೆ ಕಳಿಸುವುದು ಅವಳ ಕೆಲಸ. ಮೂರು ಚೂರು ಕಳಿಸಿದ್ದಳು. ಮೂರೂ ಹಳೆಯವಾದರೆ ಗಂಡನ ಮಾತು ಗೆಲ್ಲುತ್ತಿತ್ತು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಫಲಿತಾಂಶ ತಂದವನು ಮೈದುನ. ಗುಂಡಿ ತೋಡುವಾಗ ಅಣ್ಣನ ಜೊತೆ ಕಾಡಿನಲ್ಲಿದ್ದವನು.

"ಅತ್ತಿಗೆ, ಎರಡು ಚೂರು ಹಳೇವೇ. ಇನ್ನೊಂದು..." ತಲೆ ಕೆರೆದುಕೊಂಡ. "ಮೊನ್ನೆ ಮೊನ್ನೆದು."

"ಹೊಸ ಇದ್ದಿಲು ಅಲ್ಲಿಗೆ ಹೇಗೆ ಬಂತು?"

"ಅಣ್ಣನ ಚಹಾ, ಇನ್ನೇನು! ಮಳೆ ಬಂತು ಅಂತ ಗುಂಡಿ ಬಾಯಲ್ಲೇ ಒಲೆ ಹೂಡಿದ. ಬೇಡ ಕಣಣ್ಣ ಅಂದೆ. ನೀನು ಸುಮ್ನೆ ಊದು ಅಂದ."

ಊರಿಗೆಲ್ಲ ಜಾಗ್ರತೆ ಹೇಳುವ ಮನುಷ್ಯ! ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು.

"ಎರಡನ್ನೇ ಬರೆದುಬಿಡಿ ಅತ್ತಿಗೆ. ಮೂರನೇದನ್ನ ಯಾರು ಕೇಳ್ತಾರೆ? ಅಣ್ಣನ ಹೆಸರಾದ್ರೂ ಉಳೀಲಿ," ಮೈದುನ ಗೋಗರೆದ.

"ಹೊಸದು ಒಂದು ಸಿಕ್ಕಿದ್ರೂ ಇಡೀ ಗುಂಡಿ ಕೈಬಿಡಬೇಕು. ಆ ಕಟ್ಟಳೆ ಹಾಕಿದ್ದೇ ನಿಮ್ಮಣ್ಣ."

ಆ ಗುಂಡಿಯನ್ನು ವರದಿಯಿಂದ ತೆಗೆದುಹಾಕಿದಳು.

ಆಮೇಲೆ ಹೊಸ ಚೂರಿನ ಉಳಿದರ್ಧವನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ಹಳೆಯ ಎರಡರಲ್ಲಿ ಕಂಡಿದ್ದ, ಮರದ ಜಾತಿ ಹೇಳುವ ಸಣ್ಣ ರಂಧ್ರಗಳೇ ಇಲ್ಲೂ ಇದ್ದವು, ಅದೇ ಹಣ್ಣಿನ ಮರದವು. ಆ ಜನ ನೆಟ್ಟ ಮರದ ಮರಿಮೊಮ್ಮಗನಂಥ ಯಾವುದೋ ಮರ ಗಂಡನ ಒಲೆಗೆ ಒಣಕೊಂಬೆ ಕೊಟ್ಟಿತ್ತು. ಇದೊಂದರಿಂದ ಯಾರನ್ನೂ ಒಪ್ಪಿಸಲಾಗದು. ಅವನು ಇದ್ದಿದ್ದರೆ ಕುಣಿದಾಡುತ್ತಿದ್ದ.

"ಚಹಾ ಹೇಗಿತ್ತು?" ಕಣ್ಣೆತ್ತದೆ ಕೇಳಿದಳು.

"ಥೂ, ಬರೀ ಹೊಗೆ. ಬಾಯಿಗಿಡೋ ಹಾಗಿರ್ಲಿಲ್ಲ. ಮುಂದಿನ ಸಲ ನಿಮ್ಮತ್ತಿಗೆನೂ ಕರ್ಕೊಂಡು ಬರ್ತೀನಿ ಕಣೋ, ಅವಳು ಮಾಡ್ಲಿ ಅಂದ ಅಣ್ಣ."

ಗಂಡ ಅವಳನ್ನು ಒಮ್ಮೆಯೂ ಕಾಡಿಗೆ ಕರೆದಿರಲಿಲ್ಲ. ಕರೆದಿದ್ದರೆ ಬರಿಗಾಲಲ್ಲೇ ಹೊರಡುತ್ತಿದ್ದಳು.