ತುಂತುರಿಗೆ ಇಷ್ಟು ಸಾಕು

ಬೆಟ್ಟ ಹತ್ತುವವರ ಬಟ್ಟೆ ಮಾರುವ ಆ ಅಂಗಡಿಯಲ್ಲಿ ಮಳೆಯಂಗಿ ಮಾರಲು ನಿಂತಿದ್ದವಳು ಬೂಟಿನ ಸದ್ದಿಗೇ ಹಗುರಪ್ಪನನ್ನು ಗುರುತಿಸಿದಳು.

ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ಯುವ ಕಂಪನಿ ಅವನದು. ಮಾತೆತ್ತಿದರೆ ‘ಹಗುರ ಇರಲಿ’ ಎನ್ನುವವನಿಗೆ ಹೊರೆಯಾಳುಗಳು ಇಟ್ಟ ಹೆಸರು ಅದು. ಭಾರವೆಲ್ಲ ಅವರ ಬೆನ್ನಿಗೆ. ಹೋದ ವರ್ಷ ಆ ಆಳುಗಳಲ್ಲೊಬ್ಬನಾಗಿದ್ದ ಅವಳ ತಮ್ಮ, ಇವನು ಕೊಟ್ಟ ತೆಳು ಅಂಗಿಯಲ್ಲಿ ಮಂಜಿಗೆ ನೆನೆದು, ಚಳಿಗೆ ಸೆಟೆದು ಸತ್ತ. ‘ಅಂಗಿ ಚೆನ್ನಾಗೇ ಇತ್ತು, ಅವನೇ ಕುಡಿದಿದ್ದ’ ಎಂದು ಹಗುರಪ್ಪ ಊರೆಲ್ಲ ಸಾರಿದ. ಹನಿ ಮುಟ್ಟದ ಹುಡುಗ ಸತ್ತ ಮೇಲೆ ಕುಡುಕನಾದ. ಅವ್ವ ಅಂದಿನಿಂದ ಹೊಸ್ತಿಲು ದಾಟಿಲ್ಲ.

“ಏನಮ್ಮಾ, ನಮ್ಮ ಆಳುಗಳಿಗೆ ಮೇಲಂಗಿ ತೋರಿಸು. ಹಗುರ ಇರಲಿ.”

ಅವನ ಹಿಂದೆ ಆಳುಗಳ ಮೇಸ್ತ್ರಿ ನಿಂತಿದ್ದ. ಅವಳು ಎರಡು ಅಂಗಿ ಹರಡಿದಳು. ಎರಡೂ ಕೆಂಪು, ಎರಡೂ ಮಡಚಿದರೆ ಮುಷ್ಟಿಯಷ್ಟು.

“ಇದರ ಹೊಲಿಗೆಗೆ ಒಳಗಡೆ ಪಟ್ಟಿ ಅಂಟಿಸಿದೆ, ನೀರಿಳಿಯಲ್ಲ. ಅದು ಗಾಳಿ ತಡೆಯುತ್ತೆ ಅಷ್ಟೇ. ತುಂತುರಲ್ಲಿ ನಡೆದ್ರೆ ಬನಿಯನ್ನೂ ಒದ್ದೆ.”

“ಸಾಹೇಬ್ರೇ, ಆಯಮ್ಮ ಹೇಳೋದು...” ಮೇಸ್ತ್ರಿ ರಾಗ ಎಳೆದ.

“ನಿಮ್ದೇನು ಸಕ್ಕರೆ ಮೈಯಾ, ಕರಗೋಕೆ?” ಹಗುರಪ್ಪ ಪಟ್ಟಿಯಿಲ್ಲದ ಅಂಗಿಯನ್ನೇ ಎತ್ತಿ ಹಿಡಿದ. “ ತುಂತುರಿಗೆ ಇಷ್ಟು ಸಾಕಯ್ಯಾ! ನಾನೂ ಇದನ್ನೇ ಹಾಕೋದು.”

ಮೇಸ್ತ್ರಿ ಗಾಡಿ ತರಲು ಹೋದದ್ದೇ ತಡ, ಹಗುರಪ್ಪ ಬಗ್ಗಿ ಪಿಸುಗುಟ್ಟಿದ: “ನನಗೆ ಮಾತ್ರ ಆ ಪಟ್ಟಿ ಇರೋದು.”

“ಆಯ್ತು ಸರ್.”

ಅವಳು ಅಂಗಿಗಳನ್ನು ಅದಲುಬದಲು ಮಾಡಿದಳು. ಪಟ್ಟಿಯ ಅಂಗಿ ಆಳುಗಳ ಕಟ್ಟಿಗೆ ಹೋಯಿತು. ಅವನು ಮೇಸ್ತ್ರಿಯ ಎದುರು ‘ನಾನೂ ಇದನ್ನೇ’ ಎಂದ ಬರಿ ಹೊಲಿಗೆಯ ಅಂಗಿ ಅವನ ಚೀಲಕ್ಕೇ ಹೋಯಿತು. ಅಂಗಿಯ ಒಳಮೈ ತಿರುವಿ ನೋಡುವ ಪೈಕಿಯವನಲ್ಲ ಅವನು. ಗಾಡಿಗೆ ಕಟ್ಟು ಏರಿಸುವಾಗ ಅವಳು ಮೇಸ್ತ್ರಿಯ ಕಿವಿಯಲ್ಲಿ ಹೇಳಿದಳು: “ಅಣ್ಣಾ, ಹೊರೆ ಮುಚ್ಚೋ ಪ್ಲಾಸ್ಟಿಕ್ ಹಾಳೆನ ಮೊದಲು ನಿಮ್ಮ ಮೈಗೆ ಸುತ್ಕೊಳ್ಳಿ. ಹೊರೆ ನೆಂದ್ರೆ ಯಾರೂ ಸಾಯಲ್ಲ.”

ಆ ವಾರವೇ ಬೆಟ್ಟ ಹತ್ತಿ, ತುಂತುರಲ್ಲಿ ನೆನೆದು ಇಳಿದ ಹಗುರಪ್ಪ ನೇರ ಅಂಗಡಿಗೇ ನುಗ್ಗಿದ. ತುಟಿ ನೀಲಿ, ಹಲ್ಲು ಕಟಕಟ. ಗಿರಾಕಿಗಳು ತುಂಬಿದ್ದರು, ಬಾಗಿಲಲ್ಲಿ ಮೇಸ್ತ್ರಿ, ಆಳುಗಳು. ಒದ್ದೆ ಅಂಗಿ ಮೇಜಿಗೆ ಪಟ್ಟನೆ ಬಡಿಯಿತು.

“ಇದೇನು ಅಂಗಿಯಾ, ಜರಡಿಯಾ? ಮೈಯೆಲ್ಲ ಮರಗಟ್ಟಿಹೋಯ್ತು! ಈ ಹಾಳಾದ್ದು ಹಾಕ್ಕೊಂಡ್ರೆ ಎಂಥವನೂ ಸಾಯ್ತಾನೆ!”

ಅವಳು ಮೇಜಿನ ಕೆಳಗೆ ಇಟ್ಟುಕೊಂಡಿದ್ದ, ತಮ್ಮ ಸತ್ತಾಗ ತೊಟ್ಟಿದ್ದ ಅಂಗಿ ತೆಗೆದು ಅದರ ಪಕ್ಕದಲ್ಲಿ ಹರಡಿದಳು. ಅದೇ ಕೆಂಪು, ಅದೇ ಬರಿ ಹೊಲಿಗೆ.

“ಸರ್, ನೀವೂ ಕುಡಿದಿದ್ರಾ?”

ಹಗುರಪ್ಪ ಬಾಗಿಲ ಕಡೆ ತಿರುಗಿದ.

“ನಾವೆಲ್ಲ ಕೇಳಿಸ್ಕೊಂಡ್ವಿ ಕಣಮ್ಮಾ,” ಎಂದ ಮೇಸ್ತ್ರಿ. “ನಡಿ, ಹುಡುಗನ್ನ ಕೊಂದಿದ್ದು ಅಂಗಿ, ಕುಡಿತ ಅಲ್ಲ ಅಂತ ನಿಮ್ಮವ್ವನ ಮುಂದೆ ಹೇಳ್ತೀವಿ.”

ಹೋಗುವಾಗ ಅವಳು ಎರಡೂ ಅಂಗಿ ಎತ್ತಿಕೊಂಡಳು. ಅವನದನ್ನು ಹಿಂಡಲಿಲ್ಲ. ಅವ್ವ ಮುಟ್ಟಿ ನೋಡುವವರೆಗೂ ಅದು ಒದ್ದೆಯಾಗಿಯೇ ಇರಬೇಕಿತ್ತು.