ಹೆಸರು ಕೆತ್ತಿದ ಮಾತ್ರಕ್ಕೆ

ಈಸ್ಟರ್ ಕಳೆದು ಎಂಟು ದಿನವಾಗಿತ್ತು. ಸೋಮವಾರ ಬೆಳಗ್ಗೆ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ನಾನು ಇನ್ನೂ ಕಂಪ್ಯೂಟರ್ ಕೂಡ ತೆರೆದಿರಲಿಲ್ಲ. ಗೊರುನೆಲ್ ಹಳ್ಳಿಯ ತಾಂತಿ ವೆತೂರಿಯಾ ಬಂದು, ತಮ್ಮ ಕೈಚೀಲವನ್ನು ನನ್ನ ಕಾಗದಗಳ ಮೇಲೆಯೇ ಇಟ್ಟು, "ಕ್ರಿಸ್ತ ಎದ್ದು ಬಂದಿದಾನೆ" ಅಂದರು. ಹಬ್ಬವಾದ ಮೇಲೆ ನಲವತ್ತು ದಿನ ನಾವು ನಮಸ್ಕಾರದ ಬದಲು ಹೇಳುವುದು ಇದನ್ನೇ. ಎದುರಿನವರ ಉತ್ತರವೂ ಗೊತ್ತಿರುವಂಥದ್ದೇ. ನಾನು ತಲೆ ಎತ್ತದೆಯೇ, "ನಿಜವಾಗ್ಲೂ ಎದ್ದು ಬಂದಿದಾನೆ" ಅಂದೆ.

"ನಾನೂ ಎದ್ದು ಬಂದಿದೀನಿ, ಮಗಳೇ. ನೀನು ಕಳಿಸಿದ ಕಾಗದ ನೋಡಿದ್ರೆ ಅದೇನು ಸಣ್ಣ ವಿಷಯ ಅಲ್ಲ."

ಕಾಗದ ತೆಗೆದು ಕೊಟ್ಟರು. ವಿಳಾಸದ ಜಾಗದಲ್ಲಿ 'ದಿವಂಗತ ವೆತೂರಿಯಾ ಅವರ ವಾರಸುದಾರರಿಗೆ' ಎಂದಿತ್ತು. ವಾರಸುದಾರಳೆಂದರೆ ಸ್ಪೇನಿನಲ್ಲಿರುವ ತಂಗಿಯ ಮಗಳೊಬ್ಬಳೇ. ಅವಳು ಓದುವ ತನಕ ಕಾಯುವುದು ಯಾಕೆ ಅಂತ ತಾವೇ ಒಡೆದು ಓದಿದ್ದಾಗಿ ಹೇಳಿದರು. ಸದರಿಯವರು ಮೃತಪಟ್ಟಿರುವುದು ಕಂಡುಬಂದಿರುವುದರಿಂದ ಬರುವ ಗುರುವಾರ ಎಂಟು ಗಂಟೆಗೆ ನಿಗದಿಯಾಗಿದ್ದ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ರದ್ದುಪಡಿಸಲಾಗಿದೆ, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು, ಎಂದು ಬರೆದಿತ್ತು. ಆ ಕಡೆಯ ಸಾಲು ಚೆನ್ನಾಗಿದೆ, ನನ್ನ ಗಂಡ ಸತ್ತಾಗ ಇಷ್ಟು ಕೂಡ ಯಾರೂ ಬರೆದಿರಲಿಲ್ಲ, ಎಂದು ಅವರು ಸೇರಿಸಿದರು.

ತಾಂತಿ ಅಂದರೆ ಅತ್ತೆ ಅಂತಲೋ ದೊಡ್ಡಮ್ಮ ಅಂತಲೋ ಇಟ್ಟುಕೊಳ್ಳಿ. ಗೊರುನೆಲ್‌ನಲ್ಲಿ ಅವರನ್ನು ಹಾಗೆ ಕರೆಯದವರೇ ಇಲ್ಲ. ವಯಸ್ಸು ಎಪ್ಪತ್ತು ದಾಟಿದೆ, ಆದರೆ ಆ ಊರಲ್ಲಿ ಈಗಲೂ ಕಾರು ಓಡಿಸುವವರು ಅವರೊಬ್ಬರೇ. ಬಸ್ಸು ಬರುವುದು ಏಳು ಕಿಲೋಮೀಟರ್ ಆಚೆಯ ಹೆದ್ದಾರಿಗೆ. ಔಷಧಿ ಬೇಕಾದವರು, ಹಲ್ಲು ನೋವಿನವರು, ಕೋಳಿ ಮಾರುವವರು ಎಲ್ಲರೂ ಅವರ ಹಳೇ ಡಾಚಿಯಾ ಕಾರಿನ ಹಿಂದಿನ ಸೀಟಿನಲ್ಲೇ ಪಟ್ಟಣ ಸೇರುವುದು. ಈ ತಿಂಗಳ ಕೊನೆಗೆ ಅವರ ಲೈಸೆನ್ಸ್ ಮುಗಿಯುತ್ತಿತ್ತು. ಪೊರೆ ತೆಗೆಸದಿದ್ದರೆ ಕಣ್ಣಿನ ಪರೀಕ್ಷೆಯಲ್ಲಿ ಪಾಸು ಮಾಡುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹದಿನಾಲ್ಕು ತಿಂಗಳು ಕಾದ ಮೇಲೆ ಸಿಕ್ಕಿದ ಗುರುವಾರ ಅದು.

"ನನ್ ಹತ್ರಾನೇ ಯಾಕೆ ಬಂದ್ರಿ, ತಾಂತಿ?" ಎಂದು ಕೇಳಿದೆ.

ಅವರು ಕಾಗದದ ಕೆಳತುದಿಯ ಮೇಲೆ ಬೆರಳಿಟ್ಟರು. ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಯಂತ್ರದ ತೀರ್ಮಾನವನ್ನು ಪರಿಶೀಲಿಸಿ ಒಪ್ಪಿದವರು, ಸ್ತೆಲಿಯಾನಾ ಪೂರ್ಯೆ. ಅದು ನಾನೇ. ಭೂತಗನ್ನಡಿ ಹಿಡಿದು ಓದಿದ್ದರಂತೆ.

ಈ ಯಂತ್ರದ ಕಥೆ ಸ್ವಲ್ಪ ಹೇಳಬೇಕು. ನಮ್ಮ ಜಿಲ್ಲೆಯ ಅರ್ಧ ಜನ ದುಡಿಯಲು ಇಟಲಿಗೋ ಸ್ಪೇನಿಗೋ ಹೋದವರು. ಅಲ್ಲಿ ಸತ್ತವರ ಶವ ಊರಿಗೆ ಬಂದು ಮಣ್ಣಾಗುತ್ತದೆ, ಕಾಗದ ಮಾತ್ರ ಎರಡು ವರ್ಷವಾದರೂ ಬರುವುದಿಲ್ಲ. ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ ಮಗನನ್ನು ಆರೋಗ್ಯ ತಪಾಸಣೆಗೆ ಕರೆದ ನಮ್ಮದೇ ಪತ್ರವನ್ನು ಹಿಡಿದು ಒಬ್ಬ ತಾಯಿ ಇದೇ ಮೇಜಿನ ಮುಂದೆ ಅತ್ತಿದ್ದಳು. ಅದಾದ ಮೇಲೆ ಈ ಕೃತಕ ಬುದ್ಧಿಯ ಯಂತ್ರ ಬಂತು. ಅದು ಎಲ್ಲ ಸ್ಮಶಾನಗಳ ಫೋಟೋ ನೋಡಿ, ಕಲ್ಲಿನ ಮೇಲಿನ ಹೆಸರುಗಳನ್ನು ನಮ್ಮ ಪಟ್ಟಿಗಳ ಜೊತೆ ಹೋಲಿಸಿ, ಸತ್ತವರನ್ನು ಬೇರೆ ಮಾಡಿ ಕೊಡುತ್ತಿತ್ತು. ಅಂಥ ಪತ್ರಗಳು ನಿಂತವು. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಬ್ರಸೆಲ್ಸ್‌ನಿಂದ ಒಕ್ಕೂಟದ ದೇಶಗಳಿಗೆಲ್ಲ ಬಂದ ಕಾನೂನು ಒಂದಿದೆ. ಮನುಷ್ಯರ ಬದುಕಿಗೆ ಸಂಬಂಧಪಟ್ಟ ಇಂಥ ಯಂತ್ರದ ಮೇಲೆ ಒಬ್ಬ ಮನುಷ್ಯನ ಕಣ್ಣು ಇರಲೇಬೇಕು. ನಮ್ಮ ಕಚೇರಿಯಲ್ಲಿ ಆ ಕಣ್ಣು ನಾನು. ಮೂರು ದಿನದ ತರಬೇತಿ, ಒಂದು ಪ್ರಮಾಣಪತ್ರ. ಈಸ್ಟರ್‌ಗೆ ಮುಂಚಿನ ಗುರುವಾರ ಯಂತ್ರ ಇನ್ನೂರ ಹನ್ನೆರಡು ಹೆಸರು ಕೊಟ್ಟಿತ್ತು. ಒಂದೊಂದರ ಪಕ್ಕದಲ್ಲೂ ಕಲ್ಲಿನ ಫೋಟೋ ಇತ್ತು. ಮನೆಯಲ್ಲಿ ಹಬ್ಬದ ಬ್ರೆಡ್ಡಿಗೆ ಕಲಸಿಟ್ಟ ಹಿಟ್ಟು ಉಬ್ಬುತ್ತಿತ್ತು, ಮೊಟ್ಟೆಗೆ ಕೆಂಪು ಬಣ್ಣ ಹಾಕುವುದು ಬಾಕಿ ಇತ್ತು. 'ಎಲ್ಲವನ್ನೂ ಒಪ್ಪು' ಎನ್ನುವ ಗುಂಡಿ ಒತ್ತಿ ನಾನು ಎರಡು ಗಂಟೆಗೇ ಮನೆಗೆ ಹೋಗಿದ್ದೆ.

ಇದನ್ನು ತಾಂತಿಗೆ ಆಗಲೇ ಹೇಳಲಿಲ್ಲ. ಹೇಳುವ ಧೈರ್ಯ ಮಧ್ಯಾಹ್ನಕ್ಕೆ ಬಂತು.

ಯಂತ್ರದಿಂದ ತೊಂದರೆಯಾದವರು ಕಾರಣ ಕೇಳಿದರೆ ತೋರಿಸಬೇಕು, ಅದೂ ಕಾನೂನೇ. ಪರದೆಯನ್ನು ಅವರ ಕಡೆ ತಿರುಗಿಸಿದೆ. ಗಂಡ ಪೆತ್ರಾಕೆಯ ಸಮಾಧಿಯ ಕಪ್ಪು ಕಲ್ಲು, ಅದರಲ್ಲಿ ಎರಡು ಹೆಸರು, ಪಿಂಗಾಣಿಯ ಮೇಲೆ ಎರಡು ಮುಖ. ತಾಂತಿ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ತಮ್ಮ ಮುಖ ಗುರುತಿಸಿ, ಈ ಫೋಟೋ ಆರಿಸಿದ್ದು ಒಳ್ಳೆಯದೇ ಆಯಿತು ಅಂದುಕೊಂಡರು. ಕೆಳಗೆ ಯಂತ್ರ ಬರೆದಿದ್ದನ್ನು ನಾನೇ ಓದಿ ಹೇಳಿದೆ: ಹೆಸರು ಇದೆ, ಹುಟ್ಟಿದ ವರ್ಷ ಇದೆ, ಸತ್ತ ವರ್ಷ ಸವೆದುಹೋಗಿದೆ.

"ಸವೆದಿಲ್ಲ, ಮಗಳೇ," ಅಂದರು ಅವರು. "ಇನ್ನೂ ಕೆತ್ತಿಲ್ಲ."

ನಮ್ಮಲ್ಲಿ ಗಂಡ ಹೋದಾಗ ಹೆಂಡತಿಯ ಹೆಸರನ್ನೂ, ಹೆಂಡತಿ ಹೋದಾಗ ಗಂಡನದನ್ನೂ ಅದೇ ಕಲ್ಲಿನಲ್ಲಿ ಕೆತ್ತಿಸಿಬಿಡುತ್ತೇವೆ. ಕಲ್ಲುಕುಟಿಗ ಒಂದೇ ಸಲ ಬಂದರೆ ಸಾಕು, ಅಕ್ಷರಗಳೂ ಒಂದೇ ಥರ ಇರುತ್ತವೆ. ಕಡೆಯ ವರ್ಷಕ್ಕೆ ಜಾಗ ಬಿಟ್ಟಿರುತ್ತಾರೆ. ಪ್ರತಿ ಶನಿವಾರ ತಮ್ಮದೇ ಹೆಸರಿನ ಮುಂದಿನ ಹೂಗಿಡಕ್ಕೆ ನೀರು ಹಾಕಿ, ಮನೆಗೆ ಬಂದು ಸೂಪು ಮಾಡುವ ಹೆಂಗಸರು ಊರ ತುಂಬ ಇದ್ದಾರೆ. ಯಂತ್ರ ಪಾಠ ಕಲಿತ ದೇಶದಲ್ಲಿ ಸತ್ತವರ ಹೆಸರನ್ನು ಮಾತ್ರ ಕೆತ್ತುತ್ತಾರೋ ಏನೋ. ಅದಕ್ಕೆ ಗೊತ್ತಿರಲಿಲ್ಲ, ಬಿಡಿ. ನನಗೆ ಗೊತ್ತಿತ್ತಲ್ಲ. ನನ್ನ ಅಮ್ಮನ ಹೆಸರೂ ಅಪ್ಪನ ಕಲ್ಲಿನಲ್ಲಿದೆ. ಅಮ್ಮ ನಿನ್ನೆ ತಾನೇ ನನ್ನ ಬ್ರೆಡ್ಡು ಗಟ್ಟಿಯಾಗಿದೆ ಎಂದು ಬೈದಿದ್ದಳು. ಒಂದೇ ಒಂದು ಫೋಟೋ ತೆರೆದಿದ್ದರೂ ನನಗೆ ತಿಳಿಯುತ್ತಿತ್ತು.

ತಾಂತಿಯನ್ನು ಕೂರಿಸಿ ನಮ್ಮ ನಿರ್ದೇಶಕ ಸೆವೆರ್ ಮೋಗಾ ಅವರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಕೂಡಲೇ ಆಸ್ಪತ್ರೆಗೆ ಫೋನು ಮಾಡಿದರು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಹಾಸಿಗೆ ಕೊಡಲು ಬರುವುದಿಲ್ಲ, ಮೊದಲು ನಿಮ್ಮ ಕಡೆ ಸರಿ ಮಾಡಿ, ಎಂದರು ಅಲ್ಲಿಯವರು. ನಮ್ಮ ಕಡೆ ಸರಿ ಮಾಡುವುದೆಂದರೆ ತಿದ್ದುಪಡಿ ಅರ್ಜಿ, ಸಮಿತಿ, ಮೂವತ್ತು ದಿನ. ಅಷ್ಟು ಹೊತ್ತಿಗೆ ಗುರುವಾರವೂ ಹೋಗಿರುತ್ತದೆ, ಲೈಸೆನ್ಸೂ ಹೋಗಿರುತ್ತದೆ.

ಇನ್ನೊಂದು ದಾರಿ ಇತ್ತು, ಇಬ್ಬರಿಗೂ ಗೊತ್ತಿತ್ತು. ನನ್ನ ಪರದೆಯ ಮೂಲೆಯಲ್ಲಿ ಒಂದು ಕೆಂಪು ಗುಂಡಿ ಇದೆ. ಮೇಲ್ವಿಚಾರಕರು ಅದನ್ನು ಒತ್ತಿದರೆ ಯಂತ್ರ ನಿಲ್ಲುತ್ತದೆ. ನಮ್ಮ ಜಿಲ್ಲೆಯ ನಿಯಮದ ಪ್ರಕಾರ, ಕಡೆಯ ಸಲ ಅದು ಮಾಡಿದ್ದೆಲ್ಲ ರದ್ದಾಗಿ ಪಟ್ಟಿಗಳು ಮೊದಲಿನ ಹಾಗೆ ಆಗುತ್ತವೆ, ಮನುಷ್ಯರು ಒಂದೊಂದೇ ನೋಡಿ ಮುಗಿಸುವ ತನಕ. ಕಾರಣ ಬರೆಯಬೇಕು, ಆ ಕಾರಣ ರಾಜಧಾನಿಗೆ ಹೋಗುತ್ತದೆ. ಆವರೆಗೆ ಯಾರೂ ಒತ್ತಿದವರಿಲ್ಲ.

ಸೆವೆರ್ ಕನ್ನಡಕ ತೆಗೆದಿಟ್ಟರು. ಶುಕ್ರವಾರ ತನಿಖೆಯವರು ಬರುತ್ತಾರೆ ಎಂದರು. ನಿಜವಾಗಿ ಸತ್ತವರ ಮನೆಗೂ ಮತ್ತೆ ಪತ್ರ ಹೋದರೆ ಆ ತಾಯಂದಿರಿಗೆ ಏನು ಹೇಳುತ್ತೀರಿ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, "ಕಾರಣ ಏನಂತ ಬರೀತೀರಾ, ಸ್ತೆಲಿಯಾನಾ? ನೋಡ್ದೆ ಒತ್ತಿದೆ ಅಂತಾನಾ? ಅದು ನಿಮ್ ಕುತ್ತಿಗೆಗೇ ಬರುತ್ತೆ" ಅಂದರು.

ಒಂದು ದಿನ ಕೊಡಿ ಎಂದು ಹೊರಗೆ ಬಂದೆ. ತಾಂತಿಗೆ ಹಬ್ಬದ ಗುರುವಾರದ ಕಥೆಯನ್ನು ಹಿಟ್ಟಿನ ಸಮೇತ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಎಷ್ಟು ಹೊತ್ತು ಉಬ್ಬಲು ಬಿಟ್ಟಿದ್ದೆ ಎಂದು ಕೇಳಿ, ಅದು ಸಾಲದು ಎಂದರು. ಎದ್ದು ಹೊರಡುವಾಗ ಮಾತ್ರ, "ನಂಗೆ ಗುರುವಾರ ಬೇಕು. ಬೇರೆ ಏನೂ ಬೇಡ" ಅಂದರು.

ಆ ಮಧ್ಯಾಹ್ನ ಇನ್ನೂರ ಹನ್ನೆರಡು ಫೋಟೋಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. ನಾಲ್ಕು ಗಂಟೆಯ ಕೆಲಸ, ಅಷ್ಟೇ. ಮೂವತ್ತೊಂದು ಹೆಸರುಗಳ ಮುಂದೆ ಕಡೆಯ ವರ್ಷ ಇರಲಿಲ್ಲ. ಅವರಿಗೆಲ್ಲ ಫೋನು ಹಚ್ಚಿದೆ. ತಾಂತಿ ಸೇರಿ ಹತ್ತೊಂಬತ್ತು ಮಂದಿ ಬದುಕಿರುವುದು ಖಾತ್ರಿಯಾಯಿತು. ಬದುಕಿದ್ದೀರಾ ಎಂದು ನೇರವಾಗಿ ಕೇಳಲು ಬಾಯಿ ಬರಲಿಲ್ಲ, ಆರೋಗ್ಯ ಹೇಗಿದೆ ಎಂದು ಶುರು ಮಾಡುತ್ತಿದ್ದೆ. ಒಬ್ಬ ಮುದುಕ ಪೂರ್ತಿ ಕೇಳಿಸಿಕೊಂಡು, ತನಗೂ ಅನುಮಾನ ಇತ್ತು, ಮೂರು ದಿನದಿಂದ ಸೊಸೆ ಒಂದು ಮಾತೂ ಬೈದಿಲ್ಲ, ಎಂದ.

ಮಂಗಳವಾರ ಬೆಳಗ್ಗೆ ಆ ಪಟ್ಟಿಯನ್ನು ಸೆವೆರ್ ಮುಂದೆ ಇಟ್ಟೆ. ನಿಜವಾಗಿ ಸತ್ತವರ ನೂರ ಎಂಬತ್ತೊಂದು ಹೆಸರನ್ನೂ ಬೇರೆ ಬರೆದಿದ್ದೆ. ಆ ಮನೆಗಳಿಗೆ ಹೋಗುವ ಪತ್ರಗಳನ್ನೆಲ್ಲ ನಾನೇ ತಡೆದು ನೋಡುತ್ತೇನೆ ಎಂದೆ. ಅವರು ಓದುತ್ತ ಕುಳಿತರು. ಎರಡು ಸಲ ಓದಿದರು.

"ಸರ್, ನಿಮ್ಮ ಅಪ್ಪಣೆ ಕೇಳೋಕೆ ಬಂದಿಲ್ಲ. ಇದಕ್ಕೆ ಅಪ್ಪಣೆ ಬೇಕು ಅಂತ ಕಾನೂನಲ್ಲಿ ಇಲ್ಲ. ಹೇಳ್ದೆ ಮಾಡೋದು ಮರ್ಯಾದೆ ಅಲ್ಲ ಅಂತ ಹೇಳ್ತಿದೀನಿ."

"ನಂಗೊತ್ತು," ಅಂದರು ಸೆವೆರ್. "ನಿಮ್ಮ ತರಬೇತಿ ಕಾಗದಕ್ಕೆ ಸಹಿ ಹಾಕಿದ್ದು ನಾನೇ ಅಲ್ವಾ."

ನನ್ನ ಮೇಜಿಗೆ ಬಂದು ಕಾರಣದ ಜಾಗದಲ್ಲಿ ಬರೆದೆ: 'ಇನ್ನೂರ ಹನ್ನೆರಡು ತೀರ್ಮಾನಗಳಲ್ಲಿ ಒಂದನ್ನೂ ನೋಡದೆ ನಾನು ಒಪ್ಪಿದ್ದೆ. ನಮ್ಮ ಜನ ಬದುಕಿರುವವರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಯಂತ್ರಕ್ಕೆ ಇದು ತಿಳಿಯದು. ನನಗೆ ತಿಳಿದಿತ್ತು.' ಚೆನ್ನಾಗಿ ಕಾಣುವ ಹಾಗೆ ತಿದ್ದೋಣ ಅನ್ನಿಸಿತು, ತಿದ್ದಲಿಲ್ಲ. ಕೆಂಪು ಗುಂಡಿ ಒತ್ತಿದೆ. ಖಚಿತವೇ ಎಂದು ಅದು ಎರಡು ಸಲ ಕೇಳಿತು. 'ಎಲ್ಲವನ್ನೂ ಒಪ್ಪು' ಎನ್ನುವ ಗುಂಡಿ ಒಂದು ಸಲವೂ ಕೇಳಿರಲಿಲ್ಲ. ಕಾಫಿ ಆರುವಷ್ಟರಲ್ಲಿ ಆಸ್ಪತ್ರೆಯ ಪಟ್ಟಿ ತೆರೆದುಕೊಂಡಿತು: ಗುರುವಾರ, ಎಂಟು ಗಂಟೆ, ಬಲಗಣ್ಣು, ವೆತೂರಿಯಾ.

ಗುರುವಾರ ರಜೆ ಹಾಕಿ ಅವರ ಡಾಚಿಯಾವನ್ನು ನಾನೇ ಓಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಗೇರು ಹಾಕುವ ರೀತಿಯ ಬಗ್ಗೆ ಪಕ್ಕದ ಸೀಟಿನಿಂದ ವ್ಯಾಖ್ಯಾನ ನಡೆದೇ ಇತ್ತು. ಒಳಗೆ ಇಪ್ಪತ್ತು ನಿಮಿಷ. ಹೊರಗೆ ಬಂದಾಗ ಕಣ್ಣಿಗೆ ಕಟ್ಟಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಮುಟ್ಟಿಕೊಳ್ಳುತ್ತ, ಡಾಕ್ಟರಿಗೆ ಇನ್ನೂ ಮೀಸೆಯೇ ಸರಿಯಾಗಿ ಬಂದಿಲ್ಲ, ಆದರೆ ಕೈ ನಡುಗಲಿಲ್ಲ, ಎಂದು ಹೊಗಳಿದರು.

ತನಿಖೆಯವರು ಶುಕ್ರವಾರ ಬಂದರು. ನನ್ನ ಹೆಸರಿಗೆ ಲಿಖಿತ ಎಚ್ಚರಿಕೆ ಬಂತು, ಅದು ನ್ಯಾಯವೇ. ಕೆಲಸ ಉಳಿಯಿತು. ಜೊತೆಗೆ ಒಂದು ಹೊಸ ನಿಯಮವೂ ಬಂತು: ಕಲ್ಲಿನಲ್ಲಿ ಸತ್ತ ವರ್ಷ ಇಲ್ಲದಿದ್ದರೆ, ಮನೆಗೆ ಹೋಗಿ ನೋಡದೆ ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯುವಂತಿಲ್ಲ. ಎಲ್ಲವನ್ನೂ ಒಟ್ಟಿಗೆ ಒಪ್ಪುವ ಗುಂಡಿಯನ್ನು ತೆಗೆದೇ ಹಾಕಿದರು. ಯಂತ್ರ ಮತ್ತೆ ಓಡುತ್ತಿದೆ. ಮನೆಗೆ ಹೋಗಿ ನೋಡುವ ಕೆಲಸ ಯಾರದು ಅಂತ ನೀವು ಕೇಳಬೇಕಾಗಿಲ್ಲ.

ತಿಂಗಳ ಕೊನೆಗೆ ತಾಂತಿ ಪರೀಕ್ಷೆಯಲ್ಲಿ ಕಡೆಯ ಸಾಲಿನ ತನಕ ಓದಿ, ಲೈಸೆನ್ಸ್ ತೆಗೆದುಕೊಂಡು ನೇರ ನನ್ನ ಕಚೇರಿಗೆ ಬಂದರು. ಫೋನಿಗೆ ಸಿಗದ ಹನ್ನೆರಡು ಮಂದಿ ಇನ್ನೂ ಬಾಕಿ ಇದ್ದರು. ಕಚೇರಿಯ ವಾಹನಕ್ಕೆ ಕಾಯುತ್ತ ಕೂತರೆ ಅವರೆಲ್ಲ ನಿಜವಾಗಿಯೂ ಸಾಯುತ್ತಾರೆ, ನಡಿ, ಎಂದು ನನ್ನನ್ನು ಎಬ್ಬಿಸಿದರು.

ಮೂರು ದಿನ ಹಳ್ಳಿ ಹಳ್ಳಿ ತಿರುಗಿದೆವು. ಹನ್ನೊಂದು ಮಂದಿ ಸಿಕ್ಕಿದರು, ಒಬ್ಬರು ಹೊಲದಲ್ಲಿ, ಒಬ್ಬರು ಏಣಿಯ ಮೇಲೆ, ಉಳಿದವರು ಅಡುಗೆಮನೆಯಲ್ಲಿ. ಒಂಬತ್ತನೆಯ ಮನೆಯಲ್ಲಿ ಮಾತ್ರ ಬಾಗಿಲು ತೆಗೆದದ್ದು ತಂಗಿ. ಅಕ್ಕ ಚಳಿಗಾಲದಲ್ಲೇ ಇಟಲಿಯಲ್ಲಿ ತೀರಿಹೋದಳು, ಕಲ್ಲುಕುಟಿಗನಿಗೆ ಹೇಳಿ ಕಳಿಸಿದ್ದೇನೆ, ಅವನಿನ್ನೂ ಬಂದಿಲ್ಲ ಎಂದಳು. ನಾವು ಒಳಗೆ ಹೋಗಿ ಕುಳಿತೆವು. ಅವಳು ಅಕ್ಕನ ಹೆಸರಲ್ಲಿ, ಸತ್ತವರಿಗಾಗಿ ನಮ್ಮಲ್ಲಿ ಬೇಯಿಸುವ ಸಿಹಿ ಗೋಧಿ ಬಡಿಸಿದಳು, ಅವಳ ಕಥೆ ಹೇಳಿದಳು, ನಾವು ಕೇಳಿದೆವು. ಆಮೇಲೆ ಆ ಹೆಸರಿನ ಮುಂದೆ ಪೆನ್ನಿನಿಂದ ಗೆರೆ ಎಳೆದು ತಾರೀಕು ಬರೆದೆ.

ಹೊರಗೆ ತಾಂತಿ ಆಗಲೇ ಕಾರು ತಿರುಗಿಸಿ ನಿಲ್ಲಿಸಿದ್ದರು. "ಮುಂದಿನ ಮನೆ ನಂಬರ್ ಎಷ್ಟು?" ಅಂದರು. ನಲವತ್ತೇಳು ಎಂದೆ. ರಸ್ತೆಯ ಆ ತುದಿಯ ಹಸಿರು ಗೇಟಿನ ಮೇಲಿನ ನಂಬರನ್ನು ಕುಳಿತಲ್ಲಿಂದಲೇ ಓದಿ ತೋರಿಸಿ, ಅದೇ, ಎಂದು ಗೇರು ಹಾಕಿದರು.