ಫೋಲ್ಡರಿನೊಳಗಿನ ಸುಬ್ಬಮ್ಮ

ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಎದುರಿನ ಫ್ಲೆಕ್ಸ್ ಅಂಗಡಿಗೆ ಅನಿಲ್‌ಕುಮಾರ್ ನುಗ್ಗಿದ ರಭಸಕ್ಕೇ ತನ್ನಿಂದ ಏನೋ ತಪ್ಪಾಗಿದೆ ಎಂದು ಅಲ್ಲಿ ಬ್ಯಾನರ್ ಡಿಸೈನ್ ಮಾಡುತ್ತಿದ್ದ ಭವ್ಯಶ್ರೀಗೆ ಅನ್ನಿಸಿತು. ಯಾರು ಜೋರಾಗಿ ಬಾಗಿಲು ತಳ್ಳಿದರೂ ಅವಳಿಗೆ ಹಾಗನ್ನಿಸುವುದು ಮಾಮೂಲು. ಈ ಸಲ ಅದು ನಿಜವೇ ಆಗಿತ್ತು.

"ನಮ್ಮವ್ವ ಬದುಕವ್ಳೆ ಕಣ್ರೀ! ಬದುಕಿರೋಳಿಗೆ ತಿಥಿ ಮಾಡ್ಬುಟ್ರಲ್ಲಾ!"

ಅವನ ಮೊಬೈಲಿನಲ್ಲಿ ಹಳ್ಳಿಮೈಸೂರು ಸರ್ಕಲ್ಲಿನಲ್ಲಿ ಕಟ್ಟಿದ್ದ ಬ್ಯಾನರಿನ ಚಿತ್ರವಿತ್ತು. ಹೋದ ವಾರ ತೀರಿಕೊಂಡ ಅವನ ಅಪ್ಪ ಚನ್ನಪ್ಪ, ಪಕ್ಕದಲ್ಲಿ ಅವ್ವ ಸುಬ್ಬಮ್ಮ. ಇಬ್ಬರೂ ಕಪ್ಪು ಬಿಳುಪು. ಇಬ್ಬರ ತಲೆಯ ಹಿಂದೆಯೂ ಬೆಳ್ಳನೆಯ ಪ್ರಭೆ. ಕೆಳಗೆ, 'ವೈಕುಂಠ ಸಮಾರಾಧನೆ, ಗುರುವಾರ.'

"ಬೆಳಗ್ಗಿಂದ ಅರಕಲಗೂಡು, ಚನ್ನರಾಯಪಟ್ಣ, ಎಲ್ಲಾ ಕಡೆಯಿಂದ್ಲೂ ಫೋನು. ನಮ್ಮತ್ತೆ ಅವ್ವನ ನಂಬರ್ಗೇ ಮಾಡಿ 'ಸುಬ್ಬಮ್ಮ ಎಂಗೋದ್ಲು' ಅಂತ ಗೋಳಾಡ್ತಾವ್ಳೆ. 'ಎಲ್ಲೂ ಓಗಿಲ್ಲ ಕಣೇ, ಜಗಲಿ ಮ್ಯಾಲೆ ಕುಂತಿವ್ನಿ' ಅಂದ್ರೂ ನಂಬ್ಲಿಲ್ಲ!"

ಮಾಲೀಕ ಗೌರೀಶಂಕರ ನಗು ತಡೆಯಲಾರದೆ ಕೆಮ್ಮಿದರು.

ಭವ್ಯಶ್ರೀಗೆ ನಗು ಬರಲಿಲ್ಲ. ಒಂದೊಂದು ಚಿತ್ರಕ್ಕೂ ಬೇರೆಬೇರೆ ಎಫೆಕ್ಟ್ ಹಾಕುತ್ತಾ ಕೂರಬೇಡಿ, ಎಲ್ಲವನ್ನೂ ಒಂದು ಫೋಲ್ಡರಿಗೆ ಸೇರಿಸಿ ಅದಕ್ಕೇ ಹಾಕಿ, ಒಳಗೆ ಬಿದ್ದದ್ದಕ್ಕೆಲ್ಲ ತಾನಾಗಿ ತಗಲುತ್ತದೆ ಎಂದು ಸಂಜೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿದ್ದರು. ಚನ್ನಪ್ಪನವರ ಫೋಟೋ ಇದ್ದ ಫೋಲ್ಡರಿಗೆ ಅವಳು ನಿನ್ನೆ ಕಪ್ಪು ಬಿಳುಪು, ಪ್ರಭೆ ಎರಡನ್ನೂ ಹಾಕಿಟ್ಟಿದ್ದಳು. ಆಮೇಲೆ ಅನಿಲ್ ಫೋನು ಮಾಡಿ ಅವ್ವನ ಫೋಟೋವನ್ನೂ ಪಕ್ಕದಲ್ಲಿ ಹಾಕಿ ಎಂದಾಗ ಅದನ್ನು ಅದೇ ಫೋಲ್ಡರಿಗೆ ಎಳೆದು ಬಿಟ್ಟಳು. ಗಂಡ ಹೆಂಡತಿ ಒಂದೇ ಬೆಳಕಿನಲ್ಲಿ ಚೆಂದ ಕಂಡಿದ್ದರು. ಒಬ್ಬರು ಬದುಕಿದ್ದಾರೆ ಎನ್ನುವುದು ಆಗ ಹೊಳೆಯಲಿಲ್ಲವೋ, ಹೊಳೆದರೂ ಚೆಂದವನ್ನು ಕೆಡಿಸಲು ಮನಸ್ಸಾಗಲಿಲ್ಲವೋ, ಈಗ ಅವಳಿಗೇ ಖಾತ್ರಿಯಿರಲಿಲ್ಲ.

"ಈಗ್ಲೇ ಸರಿ ಮಾಡ್ತೀನಣ್ಣ," ಎಂದು ಸುಬ್ಬಮ್ಮನ ಫೋಟೋವನ್ನು ಫೋಲ್ಡರಿನಿಂದ ಆಚೆಗೆಳೆದಳು.

ಒಮ್ಮೆಗೇ ಬಣ್ಣ ಬಂತು. ಹಸಿರು ಸೀರೆ, ಮುಡಿಯಲ್ಲಿ ಮಲ್ಲಿಗೆ, ಹಣೆಯಲ್ಲಿ ಕಾಸಗಲ ಕುಂಕುಮ. ಹಾರ ಹಾಕಿದ ಗಂಡನ ಪಕ್ಕದಲ್ಲಿ ಅದು ಉರಿಯುವಂತೆ ಕಂಡಿತು.

ಅನಿಲನ ದನಿ ಇಳಿಯಿತು. "ಅದ್ನ ತೆಗ್ದುಬುಡಿ. ಗುರುವಾರ ಜನ ಆಡ್ಕೋತಾರೆ."

ಅವಳು ಕುಂಕುಮದ ಮೇಲೆ ಮೌಸ್ ಸವರಿದಳು. ಸುತ್ತಲಿನ ಚರ್ಮ ಹರಡಿಕೊಂಡು ಅದನ್ನು ನುಂಗಿತು. ಎಷ್ಟು ಸಲೀಸು! ನಿನ್ನೆಯದು ಮೈಮರೆವು. ಇದು ಕೈಯಾರೆ ಮಾಡಿದ್ದು.

ಅಷ್ಟರಲ್ಲಿ ಸುಬ್ಬಮ್ಮನದೇ ಫೋನು ಬಂತು. ಅನಿಲ್ ಸ್ಪೀಕರ್ ಹಾಕಿದ.

"ಸರಿ ಮಾಡುಸ್ತಾವ್ನಿ ಕಣವ್ವ. ಕುಂಕುಮಾನೂ ತೆಗೆಸ್ದೆ."

"ಈಗ್ಲೇಯಾ? ಗುರುವಾರ ತೆಗೀಬೇಕು ಅಂತ ನಿಮ್ ಚಿಕ್ಕಪ್ಪ ಅಂದಿದ್ನಲ್ಲಲಾ. ಇನ್ನೂ ಅಣೇಲೇ ಐತೆ."

ಭವ್ಯಶ್ರೀಗೆ ತಡೆಯಲಾಗಲಿಲ್ಲ. "ಅಮ್ಮಾ, ಅಳಿಸಿದ್ದು ನಾನು. ನಿನ್ನೆ ತಪ್ಪು ಮಾಡಿದ್ದೂ ನಾನೇ."

"ಯಾರವ್ವಾ ಇದು, ಸಣ್ಣುಡ್ಗಿ ದನಿ?" ಆಕೆ ಬೈಯಲಿಲ್ಲ. "ಎಂಗೆ ಕಾಣ್ತಿವ್ನಿ ಯೋಳು, ಅಳಿಸಿದ್ ಮ್ಯಾಲೆ?"

ಭವ್ಯಶ್ರೀ ಪರದೆ ನೋಡಿದಳು. ಚೆನ್ನಾಗಿ ಕಾಣ್ತೀರಿ ಎನ್ನಬೇಕಿತ್ತು.

"ಬೇರೆ ಯಾರೋ ಥರ ಕಾಣ್ತೀರಮ್ಮ."

ಅಂದ ಮೇಲೆ ತುಟಿ ಕಚ್ಚಿಕೊಂಡಳು. ಗುರುವಾರದ ಸಂಕಟವನ್ನು ಇಂದೇ ಅವರಿಗೆ ದಾಟಿಸಬೇಕಿತ್ತೆ?

ಫೋನಿನ ಆ ಕಡೆ ಎಲ್ಲೋ ಕೋಳಿ ಕೊಕ್ಕರಿಸುತ್ತಿತ್ತು.

"ನಂಗೂ ಅದೇ ದಿಗಿಲು ಕಣವ್ವ," ಎಂದರು ಸುಬ್ಬಮ್ಮ. "ಅನಿಲಾ, ವಾಪಸ್ ಮಡಗ್ಸು. ಗುರುವಾರಾನೂ ನನ್ನಣೆ ತಂಟೆಗೆ ಯಾರೂ ಬರೋದು ಬ್ಯಾಡ. ನಿಮ್ಮ ಚಿಕ್ಕಪ್ಪಂಗೆ ನಾನೇ ಯೋಳ್ತೀನಿ."

ಫೋನು ಕಟ್ಟಾಯಿತು.

"ನೋಡಿ, ಏನ್ ತಂದಿಟ್ರಿ," ಎಂದ ಅನಿಲ್. ಸಿಟ್ಟಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನು ಪರದೆಯ ಮೇಲಿನ ಬರಿ ಹಣೆಯನ್ನು ನೋಡುತ್ತಾ ನಿಂತ. "ಚಿಕ್ಕಪ್ಪ ಕೂಗಾಡ್ತಾನೆ. ಕೂಗಾಡ್ಲಿ. ಅವ್ವ ಯೋಳ್ದಂಗೆ ಆಕಿ."

ತನ್ನ ಒಂದು ಮಾತಿಗೆ ನೆಂಟರೆದುರು ಆ ಮನೆಯಲ್ಲಿ ಇನ್ನೇನೇನು ರಂಪವಾಗುವುದೋ ಎಂದು ಭವ್ಯಶ್ರೀ ಹೆದರಿದಳು. ಅವಳು ಕುಂಕುಮವನ್ನು ಮರಳಿ ತಂದಳು, ಪ್ರಿಂಟ್ ಒತ್ತಿದಳು.